ಹೊನ್ನಾವರದಲ್ಲಿ ಇಳಿದ ರೋಮಿನ ಯಾತ್ರಿಕ



ಕಳೆದ ಇಪ್ಪತ್ತು ವರ್ಷಗಳಲ್ಲಿ ನಮ್ಮ ಮಲೆನಾಡಿನ ಧರ್ಮಕೇಂದ್ರಗಳಿಂದಲೂ ಪವಿತ್ರ ನಾಡಿನ ಯಾತ್ರೆ ಮಾಡಿ ಬಂದವರಿದ್ದಾರೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಒಂದು ಕುಟುಂಬ, ಮಗಳು ಕೊಲ್ಲಿ ರಾಷ್ಟ್ರದಲ್ಲಿ ನರ್ಸ್ ಆದ ಮೇಲೆ ಇನ್ನೊಂದು ಕುಟುಂಬ. ಅವರು ತಂದು ತೋರಿಸುವ ಫೋಟೋಗಳಲ್ಲಿ ಜಾಫಾ ಬಂದರಿನದು ಒಂದೆರಡು ಇದ್ದೇ ಇರುತ್ತವೆ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಈ ಹಳೆಯ ಪಟ್ಟಣವೇ ಬೈಬಲಿನ ಯೊಪ್ಪ. ದೇವರ ಮಾತಿಗೆ ಬೆನ್ನು ತೋರಿಸಿ ಯೋನನು ಹಡಗು ಹತ್ತಿದ್ದು ಇಲ್ಲಿ. ಸಂತ ಪೇತ್ರರು ತೊಗಲು ಹದಮಾಡುವ ಸಿಮೋನನ ಮನೆಯಲ್ಲಿ ತಂಗಿದ್ದು ಇಲ್ಲಿ. ಆ ಮನೆಯ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿದ್ದಾಗಲೇ ಅನ್ಯರಿಗೂ ದೇವರ ಬಾಗಿಲು ತೆರೆದಿದೆ ಎಂಬ ದರ್ಶನ ಅವರಿಗಾಯಿತು.

ಇಷ್ಟೆಲ್ಲ ನಡೆದ ಊರನ್ನು ನಮ್ಮವರು ಎಷ್ಟು ಹೊತ್ತು ನೋಡುತ್ತಾರೆ? ಬಸ್ಸು ನಿಲ್ಲುತ್ತದೆ. ಗೈಡು ಸಣ್ಣ ಬಾವುಟ ಎತ್ತಿ ಹಿಡಿದು ಮುಂದೆ ನಡೆಯುತ್ತಾನೆ. ಫ್ರಾನ್ಸಿಸ್ಕನ್ ಗುರುಗಳ ಸಂತ ಪೇತ್ರರ ದೇವಾಲಯದಲ್ಲಿ ಒಂದು ಪ್ರಾರ್ಥನೆ, ಕಲ್ಲಿನ ಓಣಿಯಲ್ಲಿ ಒಂದು ಸುತ್ತು, ಸಮುದ್ರದ ಎದುರು ಗುಂಪು ಫೋಟೋ, ಶೌಚಾಲಯ, ಮತ್ತೆ ಬಸ್ಸು. ಅಲ್ಲಿ ಯಾರ ಜೊತೆ ಮಾತಾಡಿದಿರಿ ಎಂದು ಕೇಳಿದರೆ ‘ಗೈಡ್ ಜೊತೆ’ ಎನ್ನುತ್ತಾರೆ. ಬಸ್ಸಿನ ಪ್ರವಾಸವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಯಸ್ಸಾದವರಿಗೆ ಬಸ್ಸೇ ಕಾಲು. ಆದರೆ ಅದೇ ಸಮುದ್ರದ ಕಡೆಯಿಂದ ಹೊರಟು, ನಮ್ಮದೇ ಹೊನ್ನಾವರದ ಬಂದರಿನಲ್ಲಿ ಇಳಿದು, ನಮ್ಮದೇ ಘಟ್ಟ ಹತ್ತಿ ಸಾಗರದ ಪಕ್ಕದ ಇಕ್ಕೇರಿಯವರೆಗೆ ಬಂದ ಒಬ್ಬ ಪ್ರವಾಸಿಯ ಕಥೆಯನ್ನು ಆನವಟ್ಟಿ, ಸೊರಬ, ಶಿಕಾರಿಪುರದ ನಮ್ಮ ಕುಟುಂಬಗಳು ಒಮ್ಮೆ ಕೇಳಬೇಕು. ರಜೆಯಲ್ಲಿ ಬಸ್ಸು ಮಾಡಿಕೊಂಡು ಹೊನ್ನಾವರ, ಮುರುಡೇಶ್ವರ ಎಂದು ಹೋಗುವ ದಾರಿ ಬಹುಪಾಲು ಅವನು ನಡೆದ ಪ್ರದೇಶವೇ. ನಾವು ಇಳಿಯುತ್ತೇವೆ, ಅವನು ಹತ್ತಿದ.

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ಪ್ರೀತಿಸಿದ ಹುಡುಗಿ ಬೇರೊಬ್ಬನ ಕೈ ಹಿಡಿದಾಗ ಮನಸ್ಸು ಮುರಿದು ನೇಪಲ್ಸ್ ಬಂದರಿನಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ಮಿತ್ರನ ಬಳಿಗೆ ಹೋದ. ಪವಿತ್ರ ನಾಡಿಗೆ ಹೋಗಿಬರುವ ಹರಕೆ ಹೊತ್ತದ್ದು ಅಲ್ಲಿ. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದವನು ಕಾನ್‌ಸ್ಟಾಂಟಿನೋಪಲ್, ಅಲೆಕ್ಸಾಂಡ್ರಿಯ, ಕೈರೊ, ಸೀನಾಯ್ ಬೆಟ್ಟ ಎಲ್ಲ ಸುತ್ತಿ 1616ರ ಪಾಸ್ಖ ಹಬ್ಬವನ್ನು ಜೆರುಸಲೇಮಿನಲ್ಲಿ ಆಚರಿಸಿದ. ಹರಕೆ ತೀರಿತು, ಇನ್ನು ಮನೆಗೆ ಮರಳಬೇಕಿತ್ತು. ಮರಳಲಿಲ್ಲ. ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಪೂರ್ವದೇಶದ ಕ್ರೈಸ್ತ ಯುವತಿಯನ್ನು ಮದುವೆಯಾಗಿ ಅವಳೊಡನೆ ಪರ್ಷಿಯಾಕ್ಕೆ ಹೋದ. ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ನೇಪಲ್ಸಿನ ಮಿತ್ರನಿಗೆ ಉದ್ದುದ್ದ ಪತ್ರ ಬರೆದ. ಆ ಪತ್ರಗಳೇ ಇಂದು ನಮ್ಮ ನಾಡಿನ ಚರಿತ್ರೆಗೆ ಒಂದು ಆಧಾರ.

1621ರ ಡಿಸೆಂಬರ್ ಕೊನೆಯಲ್ಲಿ, ಹೊರ್ಮುಜ್ ಹತ್ತಿರ ಹಡಗಿಗಾಗಿ ಕಾಯುತ್ತಿದ್ದಾಗ, ಗರ್ಭಪಾತವಾಗಿ ಜ್ವರ ಏರಿ ಮಾನಿ ತೀರಿಕೊಂಡಳು. ಅವಳಿಗೆ ಇಪ್ಪತ್ತಮೂರರ ಆಸುಪಾಸು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಅವನ ಮನಸ್ಸು ಒಪ್ಪಲಿಲ್ಲ. ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆಬರೆ ಮುಚ್ಚಿ, ಸಾಮಾನಿನ ಜೊತೆ ಸಾಗಿಸಿದ. ನಾವಿಕರಿಗೆ ತಿಳಿದರೆ ಹೆಣವನ್ನು ಸಮುದ್ರಕ್ಕೆ ಎಸೆದಾರು ಎಂಬ ಭಯ. 1623ರ ಆರಂಭದಲ್ಲಿ ಸೂರತ್, ಅನಂತರ ಗೋವಾ. ಅವನು ಭಾರತಕ್ಕೆ ತಂದ ಸಾಮಾನಿನಲ್ಲಿ ಹೆಂಡತಿಯ ಶವಪೆಟ್ಟಿಗೆಯಿತ್ತು ಎಂಬುದನ್ನು ಓದುಗರು ನೆನಪಿಡಬೇಕು. ಇಕ್ಕೇರಿಯಲ್ಲಿ ನಡೆದದ್ದು ಅರ್ಥವಾಗುವುದು ಇದರಿಂದಲೇ.

ಗೋವಾದ ಪೋರ್ಚುಗೀಸರು ಆ ವರ್ಷ ಇಕ್ಕೇರಿಯ ಕೆಳದಿ ಅರಸ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸುವವರಿದ್ದರು. ಮಂಗಳೂರು ಕಡೆಯ ಬಂಗ ಅರಸನ ತಕರಾರು ಒಂದು, ಕಾಳುಮೆಣಸಿನ ವ್ಯಾಪಾರ ಇನ್ನೊಂದು. ರಾಯಭಾರಿಯ ಹೆಸರು ಜೊವಾಂವ್ ಫೆರ್ನಾಂದಿಸ್ ಲೈತಾಂವ್. ವೆಂಕಟಪ್ಪ ನಾಯಕನ ಕಡೆಯಿಂದ ಗೋವಾಕ್ಕೆ ಬಂದಿದ್ದ ವಿಠಲ ಶೆಣೈ ಎಂಬವರೂ ಜೊತೆಗೆ ಹಿಂದಿರುಗುವವರಿದ್ದರು. ದೆಲ್ಲಾ ವಾಲ್ಲೆಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ನೋಡಬೇಕು ಎಂಬ ಒಂದೇ ಆಸೆಯಿಂದ ಅವರೊಡನೆ ಹೊರಟ. ನಮ್ಮ ಸೀಮೆಗೆ ಕೇವಲ ನೋಡಲು ಬಂದು ಬರೆದಿಟ್ಟ ಯುರೋಪಿಯನ್ನರಲ್ಲಿ ಇವನು ಬಹಳ ಮುಂಚಿನವನು.

ಅಕ್ಟೋಬರಿನಲ್ಲಿ ಹಡಗು ಹೊನ್ನಾವರಕ್ಕೆ ಬಂತು. ಇಂದು ಬಸ್ಸಿನಲ್ಲಿ ಹೋಗುವವರು ಶರಾವತಿಯ ಉದ್ದನೆಯ ಸೇತುವೆ ದಾಟುವಾಗ ಎಡಬಲಕ್ಕೆ ನೋಡಿ ‘ಎಷ್ಟು ನೀರು!’ ಎಂದು ಉದ್ಗರಿಸಿ, ಕಾಸರಕೋಡಿನ ಕಡಲತೀರಕ್ಕೋ ಕಾಂಡ್ಲಾ ಕಾಡಿನ ಕಾಲುಹಾದಿಗೋ ಹೋಗುತ್ತಾರೆ. 2020ರಲ್ಲಿ ಕಾಸರಕೋಡಿಗೆ ನೀಲಿ ಬಾವುಟದ ಮಾನ್ಯತೆ ಸಿಕ್ಕಿದ ಮೇಲೆ ಅಲ್ಲಿ ಜನ ಹೆಚ್ಚು. ಅದೇ ಊರಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಗೆ ಮೀನುಗಾರ ಕುಟುಂಬಗಳು ವರ್ಷಗಟ್ಟಲೆ ವಿರೋಧಿಸುತ್ತಾ ಬಂದಿರುವುದನ್ನು ಪ್ರವಾಸಿಗಳಿಗೆ ಯಾರೂ ಹೇಳುವುದಿಲ್ಲ. ಬಂದರು ಎಂದರೆ ಯಾರದು ಎಂಬ ಜಗಳ ಈ ಊರಿಗೆ ಹೊಸದೇನಲ್ಲ.

ಹೊನ್ನಾವರ ಸಣ್ಣ ಊರಾಗಿ ಕಾಣಬಹುದು. ಆದರೆ ಮೆಡಿಟರೇನಿಯನ್ ಸೀಮೆಯ ಕಣ್ಣು ನಮ್ಮ ಕಡೆಗೆ ಬಿದ್ದದ್ದು ಬಹಳ ಹಿಂದೆ. ಎರಡನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯ ಬಂದರಿನ ಪಂಡಿತ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ನಮ್ಮ ಪಕ್ಕದ ಬನವಾಸಿಯ ಹೆಸರನ್ನು ಬರೆದಿದ್ದ. ಆನವಟ್ಟಿಯವರು ಬೈಕಿನಲ್ಲಿ ಹೋಗಿಬರುವ ಬನವಾಸಿ! 1340ರ ದಶಕದಲ್ಲಿ ಮೊರಾಕ್ಕೊದ ಟಾಂಜಿಯರ್ ಬಂದರಿನವನಾದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದ. ಘಟ್ಟದ ಮೇಲಿನ ಮೆಣಸು ಗೇರುಸೊಪ್ಪೆಯಿಂದ ದೋಣಿಯಲ್ಲಿ ಹೊನ್ನಾವರಕ್ಕೆ ಇಳಿದು, ಅರಬ್ಬರ ಹಡಗು ಏರಿ, ಕೆಂಪು ಸಮುದ್ರ ದಾಟಿ ಅಲೆಕ್ಸಾಂಡ್ರಿಯ ಸೇರಿ, ಅಲ್ಲಿಂದ ವೆನಿಸ್ಸಿನ ಅಡಿಗೆಮನೆಗೆ ಹೋಗುತ್ತಿತ್ತು. 1498ರಲ್ಲಿ ಪೋರ್ಚುಗೀಸರು ಸಮುದ್ರ ಸುತ್ತಿ ಬಂದ ಮೇಲೆ ಆ ದಾರಿಯನ್ನು ಲಿಸ್ಬನ್ನಿನ ಕಡೆಗೆ ತಿರುಗಿಸಲು ಯತ್ನಿಸಿದರು. 1569ರಲ್ಲಿ ಹೊನ್ನಾವರದ ಕೋಟೆ ಅವರ ವಶವಾಯಿತು. ದೆಲ್ಲಾ ವಾಲ್ಲೆ ಇಳಿದದ್ದು ಆ ಕೋಟೆಯ ನೆರಳಿನಲ್ಲಿ. ಅವನು ಹೋದ ಮೂವತ್ತು ವರ್ಷಗಳ ಅನಂತರ ಕೆಳದಿಯ ಶಿವಪ್ಪ ನಾಯಕ ಅದನ್ನು ಕಿತ್ತುಕೊಂಡ.

ಅಲ್ಲಿಂದ ಮುಂದೆ ಅವನ ಪತ್ರ ಓದುವುದೇ ಒಂದು ಪ್ರವಾಸ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಏರಿ ಗೇರುಸೊಪ್ಪೆಗೆ ಹೋದರು. ನೈಲ್ ನದಿಯನ್ನು ಕಂಡವನು, ಬಾಗ್ದಾದಿನಲ್ಲಿ ಟೈಗ್ರಿಸ್ ದಡದಲ್ಲಿ ಬಾಳಿದವನು, ಇಷ್ಟು ಚೆಲುವಾದ ನದಿಯನ್ನು ತಾನು ಕಂಡ ನೆನಪಿಲ್ಲ ಎನ್ನುತ್ತಾನೆ. ಅಂದಿನ ಶರಾವತಿಗೆ ಲಿಂಗನಮಕ್ಕಿಯ ಕಟ್ಟೆಯೂ ಇರಲಿಲ್ಲ, ಗೇರುಸೊಪ್ಪೆಯ ಕಟ್ಟೆಯೂ ಇರಲಿಲ್ಲ.

ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಹಾಳುಬಿದ್ದ ರಾಜಧಾನಿ. ಅರಮನೆಯ ಮೇಲೆ ಮರ ಬೆಳೆದಿತ್ತು, ರೈತರ ನಾಲ್ಕಾರು ಗುಡಿಸಲು ಉಳಿದಿದ್ದವು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಜೈನ ರಾಣಿ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ನಾಡು ಅದು. 1606ರ ಹೊತ್ತಿಗೆ ವೆಂಕಟಪ್ಪ ನಾಯಕ ಅದನ್ನು ಗೆದ್ದು ರಾಣಿಯನ್ನು ಸೆರೆಗೆ ಹಾಕಿದ. ದೆಲ್ಲಾ ವಾಲ್ಲೆಗೆ ಅಲ್ಲಿ ಯಾರೋ ಒಂದು ಕಥೆ ಹೇಳಿದರು: ರಾಣಿ ಕೀಳು ಕುಲದ ಪರದೇಶಿಯೊಬ್ಬನಿಗೆ ಮನಸೋತು ರಾಜ್ಯ ಕಳೆದುಕೊಂಡಳಂತೆ. ಅವನು ಅದನ್ನು ಹಾಗೆಯೇ ಬರೆದುಕೊಂಡ. ಇಲ್ಲಿ ಮಾತ್ರ ನಾವು ಅವನನ್ನು ನಂಬಲಾರೆವು. ಅವನು ಹೋಗುತ್ತಿದ್ದುದು ಗೆದ್ದವನ ಆಸ್ಥಾನಕ್ಕೆ, ಜೊತೆಗಿದ್ದವರಲ್ಲಿ ಗೆದ್ದವನ ಅಧಿಕಾರಿ. ಸೋತ ಹೆಂಗಸಿನ ಬಗ್ಗೆ ಗೆದ್ದವರ ಸೀಮೆಯಲ್ಲಿ ಇಂಥ ಕಥೆ ಹುಟ್ಟದಿದ್ದರೇ ಆಶ್ಚರ್ಯ. ಹದಿನೇಳು ವರ್ಷ ಸಾಕು, ಐವತ್ತು ವರ್ಷದ ಆಳ್ವಿಕೆ ಮರೆತು ಹಾದರದ ಸುದ್ದಿಯೊಂದೇ ಉಳಿಯಲು. ಚತುರ್ಮುಖ ಬಸದಿ ಇಂದಿಗೂ ನದಿಯಾಚೆ ಕಾಡಿನಲ್ಲಿ ನಿಂತಿದೆ. ನಮ್ಮ ಬಸ್ಸುಗಳು ಅಲ್ಲಿಗೆ ಹೋಗುವುದು ಕಡಿಮೆ.

ಘಟ್ಟ ಹತ್ತುವಾಗ ಒಂದು ಹಳ್ಳಿಯಲ್ಲಿ ತಂಗಿದ್ದರು. ಅಲ್ಲಿ ದೇವಸ್ಥಾನದ ಜಗಲಿಯ ಮೇಲೆ ನಾಲ್ಕು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳು ಹರಡಿ, ಒಬ್ಬ ಪಾಠವನ್ನು ರಾಗವಾಗಿ ಹಾಡುತ್ತಾ ಬೆರಳಿನಿಂದ ಬರೆಯುವುದು, ಉಳಿದವರೂ ಹಾಡುತ್ತಾ ಹಾಗೆಯೇ ಬರೆಯುವುದು. ಜಾಗ ತುಂಬಿದಾಗ ಅಳಿಸಿ ಮತ್ತೆ ಮರಳು ಹರಡುವುದು. ಮೇಷ್ಟರು ಯಾರೂ ಇಲ್ಲ. ಏನು ಮಾಡುತ್ತಿದ್ದೀರಿ ಎಂದು ಅವನು ಕೇಳಿದ. ಕಲಿತ ಪಾಠವನ್ನು ಮರೆಯದಂತೆ ಗಟ್ಟಿ ಮಾಡಿಕೊಳ್ಳುತ್ತಿದ್ದೇವೆ ಎಂದರು. ಸಂಶಯ ಬಂದರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಂದೇ ಸಲ ಮರೆಯುವುದು ಹೇಗೆ ಸಾಧ್ಯ, ಒಬ್ಬ ಮರೆತದ್ದನ್ನು ಇನ್ನೊಬ್ಬ ಹೇಳಿಕೊಡುತ್ತಾನೆ ಎಂದರು ಹುಡುಗರು. ಇದಕ್ಕಿಂತ ಸುಲಭವಾದ, ಭದ್ರವಾದ ಕಲಿಕೆ ಉಂಟೇ ಎಂದು ರೋಮಿನ ವಿದ್ವಾಂಸ ಬೆರಗಾಗಿ ಬರೆದ. (ಸುಮಾರು 165 ವರ್ಷಗಳ ಅನಂತರ ಮದ್ರಾಸಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಹೀಗೆ ಮರಳಿನಲ್ಲಿ ಬರೆಯುವ ಮಕ್ಕಳನ್ನು ಕಂಡು, ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದರು.) ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಈ ಭಾಗವನ್ನು ಓದಿ ಹೇಳಿದರೆ ಮಕ್ಕಳಿಗೆ ಖುಷಿಯಾಗುತ್ತದೆ. ಹೆಸರಿಲ್ಲದ ಆ ನಾಲ್ಕು ಹುಡುಗರು ತಮ್ಮ ಊರಿನವರೇ ಎಂಬ ಖುಷಿ.

ನವೆಂಬರಿನಲ್ಲಿ ಇಕ್ಕೇರಿ ತಲುಪಿದರು. ಎತ್ತರದ ಬಿದಿರ ಮೆಳೆ, ಕಂದಕ, ಒಂದರ ಹಿಂದೆ ಒಂದು ಮೂರು ಬಾಗಿಲು. ಒಳಗೆ ಹೋದರೆ ಮನೆಗಳು ಅಲ್ಲೊಂದು ಇಲ್ಲೊಂದು, ಅಗಲವಾದ ಬೀದಿ, ದೊಡ್ಡ ದೊಡ್ಡ ಮರ, ಕೆರೆ, ತೋಪು. ಕಾಡಿನ ನಡುವೆ ಇಟ್ಟ ನಗರದಂತೆ ಅವನಿಗೆ ಕಂಡಿತು. ಮಲೆನಾಡಿನ ಊರನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸುವುದು ಕಷ್ಟ. ಅರಸನ ದರ್ಬಾರು, ವೀಳ್ಯ, ಶಾಲು, ಮಾತುಕತೆ ಎಲ್ಲವನ್ನೂ ಬರೆದಿದ್ದಾನೆ. ರಾಯಭಾರದ ವಿವರ ಇಲ್ಲಿ ಬೇಡ. ಅಘೋರೇಶ್ವರ ದೇವಸ್ಥಾನವನ್ನು ನೋಡಿದ. ನಾವು ಇಂದು ನೋಡುವುದೂ ಅದೇ ಕಲ್ಲುಗಳನ್ನು.

ಸಂಜೆಯ ಹೊತ್ತು ಬೀದಿಯಲ್ಲಿ ಹೆಣ್ಣುಮಕ್ಕಳ ಗುಂಪುಗಳು ಹೂ ಮುಡಿದು, ರೇಷ್ಮೆ ಉಟ್ಟು, ಬಣ್ಣದ ಸಣ್ಣ ಕೋಲುಗಳನ್ನು ತಾಳಕ್ಕೆ ಬಡಿಯುತ್ತಾ ಹಾಡಿ ಕುಣಿಯುವುದನ್ನು ಕಂಡ. ಏನೆಂದು ವಿಚಾರಿಸಿದಾಗ ಗೌರಿಯ ಹಬ್ಬ ಎಂದರು. ನಮ್ಮ ಕಡೆಯವರಿಗೆ ಇದು ಯಾವ ಹಬ್ಬ ಎಂದು ಹೇಳಬೇಕಾಗಿಲ್ಲ. ಕಾರ್ತಿಕದ ಗೌರಿ ಹುಣ್ಣಿಮೆಗೆ ಶಿಕಾರಿಪುರ, ಆನವಟ್ಟಿಯ ಓಣಿಗಳಲ್ಲಿ ಹುಡುಗಿಯರು ಸಕ್ಕರೆ ಗೊಂಬೆಯ ಆರತಿ ಹಿಡಿದು ಹೋಗುವುದನ್ನು, ಕೋಲಾಟವಾಡುವುದನ್ನು ಕಾಣದವರಾರು?

ಅದೇ ಬೀದಿಯಲ್ಲಿ ಅವನು ಇನ್ನೊಂದು ಮೆರವಣಿಗೆಯನ್ನು ಕಂಡ. ಕುದುರೆಯ ಮೇಲೆ ಒಬ್ಬ ಹೆಂಗಸು. ಮುಖ ಮುಚ್ಚಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಮುಂದೆ ವಾದ್ಯ, ಸುತ್ತ ಜನ. ಗಂಡ ಸತ್ತಿದ್ದಾನೆ, ಅವಳು ಬೆಂಕಿ ಸೇರಲು ನಿಶ್ಚಯಿಸಿದ್ದಾಳೆ, ಅದಕ್ಕೆ ಮುಂಚೆ ಊರು ಸುತ್ತುತ್ತಿದ್ದಾಳೆ ಎಂದು ತಿಳಿಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಸೊರಬ, ಶಿಕಾರಿಪುರ ಸೀಮೆಯ ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲು, ಮಾಸ್ತಿಕಲ್ಲುಗಳು ಎಷ್ಟಿವೆ! ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಟಂತೆ ಒಂದು ತೋಳು. ಮೊಣಕೈ ಮಡಿಸಿ ಎತ್ತಿದ ಕೈ, ಮಣಿಕಟ್ಟಿನಲ್ಲಿ ಬಳೆ, ಎಷ್ಟೋ ಕಲ್ಲುಗಳಲ್ಲಿ ಬೆರಳ ನಡುವೆ ನಿಂಬೆಹಣ್ಣು. ನಾವು ಅದರ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತೇವೆ, ದನ ಕಟ್ಟುತ್ತೇವೆ. ಆ ಕೈ ಯಾರದು ಎಂದು ಕೇಳಲು ನಮಗೆ ದಾರಿಯಿಲ್ಲ. ದೆಲ್ಲಾ ವಾಲ್ಲೆ ಆ ಕೈಯನ್ನು ಬಿಸಿಲಿನಲ್ಲಿ, ರಕ್ತಮಾಂಸದಲ್ಲಿ ಕಂಡ. ಕಂಡು ಸುಮ್ಮನೆ ಬಿಡಾರಕ್ಕೆ ಹೋಗಲಿಲ್ಲ. ಅವಳ ಮನೆ ಹುಡುಕಿಕೊಂಡು ಹೋಗಿ ದುಭಾಷಿಯ ಮೂಲಕ ಮಾತಾಡಿಸಿದ.

ಹೆಸರು ಜಕ್ಕಮ್ಮ; ಇಟಲಿಯ ಅಕ್ಷರದಲ್ಲಿ ‘ಜಾಕ್ಕಮಾ’ ಎಂದು ಬರೆದಿದ್ದಾನೆ. ತೆಲುಗು ಮೂಲದವಳು. ಗಂಡ ಡೋಲು ಬಡಿಯುವವನು. ರಾಣಿಯಲ್ಲ, ನಾಯಕನ ಹೆಂಡತಿಯಲ್ಲ, ವಾದ್ಯಗಾರನ ಮನೆಯವಳು. ಗಂಡನಿಗೆ ಇನ್ನೂ ಇಬ್ಬರು ಹೆಂಡಿರಿದ್ದರು, ವಯಸ್ಸಿನಲ್ಲಿ ಹಿರಿಯರು. ಮಕ್ಕಳಿದ್ದಾರೆ ಎಂದು ಹೇಳಿ ಅವರು ಸಾಯಲು ಒಪ್ಪಿರಲಿಲ್ಲ. ಹಾಗಾದರೆ ನಿನಗೂ ಎರಡು ಚಿಕ್ಕ ಮಕ್ಕಳಿವೆಯಲ್ಲ, ಅವುಗಳನ್ನು ಬಿಟ್ಟು ಹೇಗೆ ಹೋಗುತ್ತೀ ಎಂದು ಅವನು ಕೇಳಿದ. ಚಿಕ್ಕಪ್ಪನಿದ್ದಾನೆ, ಆ ಇಬ್ಬರು ತಾಯಂದಿರಿದ್ದಾರೆ, ನೋಡಿಕೊಳ್ಳುತ್ತಾರೆ ಎಂದಳು. ಯಾರಾದರೂ ಬಲವಂತ ಮಾಡಿದರೇ ಎಂದು ಕೇಳಿದ. ಇಲ್ಲ, ನನ್ನ ಇಚ್ಛೆ ಎಂದಳು. ನಗುಮುಖದಿಂದ, ನಿಂತುಕೊಂಡೇ ಮಾತಾಡಿದಳು. ಅವನು ಬೇಡವೆಂದು ಹೇಳಿ ನೋಡಿದ. ಅವಳು ಕೇಳಲಿಲ್ಲ. ಕೊನೆಗೆ, ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ನನ್ನ ಕೈಲಾದಷ್ಟು ಮಾಡುತ್ತೇನೆ ಎಂದು ಮಾತು ಕೊಟ್ಟು ಎದ್ದ. ಅವಳ ಮೇಲೆ ಸಾನೆಟ್‌ಗಳನ್ನೂ ರಚಿಸಿದ.

ಈ ಭಾಗ ಓದುವಾಗ ನಮಗೆ ಸಮಾಧಾನವೂ ಇಲ್ಲ, ಅವನ ಮೇಲೆ ಪೂರ್ತಿ ಕೋಪವೂ ಬರುವುದಿಲ್ಲ. ಆ ಪದ್ಧತಿ ಕ್ರೂರವೆಂದು ಅವನಿಗೆ ಗೊತ್ತಿತ್ತು, ಬರೆದೂ ಇದ್ದಾನೆ. ಆದರೂ ಅವಳ ಧೈರ್ಯವನ್ನು ಹೊಗಳುವಾಗ ಲೇಖನಿ ಬಿಸಿಯಾಗುತ್ತದೆ. ಹೊಗಳಿಕೆಯಿಂದ ಆ ಎರಡು ಮಕ್ಕಳಿಗೆ ಏನು ಸಿಕ್ಕಿತು? ‘ನನ್ನ ಇಚ್ಛೆ’ ಎಂದು ಅವಳು ಹೇಳಿದ್ದು ನಿಜವಿರಬಹುದು. ಕುದುರೆ ಹತ್ತಿಸಿ, ವಾದ್ಯ ಬಡಿದು, ಊರೆಲ್ಲ ಮೆರೆಸಿದ ಮೇಲೆ ‘ಒಲ್ಲೆ’ ಎನ್ನಲು ಯಾವ ಹೆಂಗಸಿಗೆ ಸಾಧ್ಯ? ಒಲ್ಲೆ ಎಂದ ಆ ಇಬ್ಬರು ಹಿರಿಯ ಹೆಂಡಿರ ಹೆಸರನ್ನು ಅವನು ಬರೆಯಲಿಲ್ಲ. ಮಕ್ಕಳನ್ನು ಸಾಕಿದವರು ಅವರೇ ಇರಬೇಕು. ಕಲ್ಲು ನೆಟ್ಟವರೂ ಹಾಗೆಯೇ, ಕವಿತೆ ಕಟ್ಟಿದವನೂ ಹಾಗೆಯೇ. ಉಳಿದು ಗಂಜಿ ಕಾಯಿಸಿದವರಿಗೆ ಮಾಸ್ತಿಕಲ್ಲಿಲ್ಲ.

ಆದರೆ ಕೇಳುತ್ತಿದ್ದವನು ಯಾರು ಎಂಬುದನ್ನೂ ನೋಡಬೇಕು. ಸತ್ತ ಗಂಡನನ್ನು ಬಿಟ್ಟಿರಲಾರೆ ಎಂದ ಹೆಂಗಸಿನ ಎದುರು ನಿಂತಿದ್ದವನು, ಸತ್ತ ಹೆಂಡತಿಯನ್ನು ಬಿಟ್ಟಿರಲಾರದೆ ಪೆಟ್ಟಿಗೆಯಲ್ಲಿ ಹೊತ್ತು ತಂದವನು. ಆ ಊರಿನಲ್ಲಿ ಅವಳ ಮಾತು ಅರ್ಥವಾಗಬಹುದಾಗಿದ್ದ ಪರದೇಶಿ ಇವನೊಬ್ಬನೇ. ಆದುದರಿಂದಲೇ ಮಕ್ಕಳ ಮಾತು ತೆಗೆದನೋ ಏನೋ. ಅವನಿಗೂ ಮಾನಿಗೂ ಹುಟ್ಟಬೇಕಿದ್ದ ಮಗು ಹುಟ್ಟಿರಲಿಲ್ಲ. ಇಬ್ಬರ ದುಃಖವೂ ಒಂದೇ ತೂಕದ್ದು. ಆದರೆ ದುಃಖಪಡುವ ಗಂಡಸಿಗೆ ಮುಂದೆ ನಡೆಯಲು ದಾರಿಯಿತ್ತು. ಅವನು ಅನಂತರ ಮರುಮದುವೆಯನ್ನೂ ಆದ, ಮಕ್ಕಳ ತಂದೆಯೂ ಆದ. ಜಕ್ಕಮ್ಮನಿಗೆ ಊರು ಬಿಟ್ಟುಕೊಟ್ಟ ದಾರಿ ಒಂದೇ. ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಸಹಗಮನವನ್ನು ಕಾನೂನಿನಿಂದ ನಿಷೇಧಿಸಿದ್ದು 1829ರಲ್ಲಿ. ಅವಳ ಕಾಲಕ್ಕೆ ಅದು ಇನ್ನೂ ಇನ್ನೂರು ವರ್ಷ ದೂರ.

ಆನವಟ್ಟಿಯಿಂದ ಇಕ್ಕೇರಿಗೆ ಬಸ್ಸು ಮಾಡಿಕೊಂಡು ಹೋಗುವ ಕುಟುಂಬಗಳು ಬೆಳಿಗ್ಗೆ ಬೇಗ ಹೊರಟರೆ ಸೊರಬ, ಸಾಗರ ದಾಟಿ ಅಘೋರೇಶ್ವರನ ಅಂಗಳದಲ್ಲಿ ತಿಂಡಿಯ ಹೊತ್ತಿಗೆ ಇರಬಹುದು. ಜೋಗ ನೋಡಿ, ಮಾವಿನಗುಂಡಿಯಿಂದ ಘಟ್ಟ ಇಳಿದು, ಗೇರುಸೊಪ್ಪೆಯಲ್ಲಿ ಒಂದು ತಾಸು ಕಳೆದರೂ ಸಂಜೆಗೆ ಹೊನ್ನಾವರದಲ್ಲಿ ಸೂರ್ಯಾಸ್ತ ಸಿಗುತ್ತದೆ. ಒಂದು ಮಾತು: ಇಕ್ಕೇರಿಯಲ್ಲಿ ದೇವಸ್ಥಾನ ಬಿಟ್ಟರೆ ನೋಡಲು ಏನೂ ಇಲ್ಲ ಎಂದು ಡ್ರೈವರ್ ಅವಸರ ಮಾಡುತ್ತಾನೆ. ರಸ್ತೆಯ ಎರಡೂ ಕಡೆ ಈಗ ಗದ್ದೆ, ತೋಟ, ಮರಗಳ ಸಾಲು. ನಗರದ ಬೀದಿಗಳಿದ್ದದ್ದು ಅಲ್ಲೇ.

ದೆಲ್ಲಾ ವಾಲ್ಲೆ ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರು, ಮಂಗಳೂರಿಗೆ ಹೋಗಿ, ಉಳ್ಳಾಲದ ರಾಣಿಯನ್ನು ಕಂಡು, ಕಲ್ಲಿಕೋಟೆಯವರೆಗೂ ಸುತ್ತಿ ಗೋವಾಕ್ಕೆ ಮರಳಿದ. 1624ರ ಕೊನೆಯಲ್ಲಿ ಮಸ್ಕತ್, ಬಸ್ರಾ, ಅಲೆಪ್ಪೊ ದಾರಿಯಾಗಿ ಮತ್ತೆ ಮೆಡಿಟರೇನಿಯನ್ ಸಮುದ್ರ ಕಂಡು, ಸೈಪ್ರಸ್, ಸಿಸಿಲಿ, ನೇಪಲ್ಸ್ ಮೂಲಕ 1626ರ ಮಾರ್ಚಿನಲ್ಲಿ ರೋಮ್ ಸೇರಿದ. ಮಾನಿಯ ದೇಹವನ್ನು ಅರಾಚೇಲಿಯ ಸಂತ ಮರಿಯಮ್ಮನವರ ದೇವಾಲಯದಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. 1627ರಲ್ಲಿ ನಡೆದ ಶ್ರದ್ಧಾಂಜಲಿಯಲ್ಲಿ ಅವನೇ ಮಾತಾಡಲು ನಿಂತ. ನಡುವೆ ಅಳು ಉಕ್ಕಿ ಮಾತು ಮುಂದುವರಿಯಲಿಲ್ಲ ಎಂದು ಹೇಳುತ್ತಾರೆ. ಅವನು ತೀರಿಕೊಂಡದ್ದು 1652ರಲ್ಲಿ. ಭಾರತದ ಪತ್ರಗಳು ಅಚ್ಚಾದದ್ದು ಅದಕ್ಕೂ ಹನ್ನೊಂದು ವರ್ಷ ತಡವಾಗಿ, 1663ರಲ್ಲಿ. ಎರಡೇ ವರ್ಷಗಳೊಳಗೆ ಇಂಗ್ಲಿಷಿಗೂ ಬಂದವು. ಇಕ್ಕೇರಿಯ ವಾದ್ಯಗಾರನ ಹೆಂಡತಿ ಜಕ್ಕಮ್ಮನ ಹೆಸರು, ಅವಳ ಎರಡು ಮಕ್ಕಳ ವಿಷಯ ಆ ಪುಟಗಳಲ್ಲಿವೆ.